ಕೋವಿಗಳನ್ನು ಕಡಿಮೆ ಮಾಡಿದರೆ ಅಪಾಯವೂ ಕಡಿಮೆಯಾಗುತ್ತದೆಯೇ?

ಅಮೆರಿಕದಲ್ಲಿ ಕೋವಿ ಸಂಗ್ರಹಿಸುವ ಹಲವರಿಗೆ ಜೊತೆಯಲ್ಲೇ ಇನ್ನೊಂದು ಹವ್ಯಾಸವಿರುತ್ತದೆ. ಹಾರಿಸಿ ಮುಗಿದ ಕಾಡತೂಸುಗಳ ಹಿತ್ತಾಳೆ ಚಿಪ್ಪುಗಳನ್ನು ಹೆಕ್ಕಿ ತಂದು, ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ. ಇದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ವರ್ಷಗಳು ಕಳೆದಂತೆ ಕೋವಿಗಳೂ ಮದ್ದಿನ ಡಬ್ಬಿಗಳೂ ಹೆಚ್ಚುತ್ತಾ ಹೋಗಿ, ಒಂದು ದಿನ ‘ಇನ್ನು ಸಾಕು, ಕಡಿಮೆ ಮಾಡೋಣ’ ಅನ್ನಿಸುತ್ತದೆ. ಆಗ ದುಡ್ಡೂ ಜಾಗವೂ ಉಳಿಯುತ್ತವೆ, ನಿಜ. ಅಪಾಯ ಕಡಿಮೆಯಾಗುತ್ತದೆಯೇ ಎಂಬುದನ್ನು ನಾವೀಗ ನೋಡೋಣ.

ಕಾಡತೂಸಿನಲ್ಲಿ ಏನಿರುತ್ತದೆ?

ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆ ಚಿಪ್ಪು, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹಾರಿಸಿದ ಮೇಲೆ ಮತ್ತೆ ಬಳಸಲು ಉಳಿಯುವುದು ಚಿಪ್ಪು ಮಾತ್ರ.

ಎಷ್ಟು ಕೋವಿ ಅಲ್ಲ, ಎಷ್ಟು ಬಗೆ

ಹತ್ತು ಕೋವಿಗಳಿಗೂ ಒಂದೇ ಬಗೆಯ ಕಾಡತೂಸು ಹೊಂದುವುದಾದರೆ ಒಂದೇ ಮದ್ದು ಸಾಕಾಗಬಹುದು. ಮೂರು ಕೋವಿಗಳಿಗೆ ಮೂರು ಬಗೆಯ ಕಾಡತೂಸು ಬೇಕಾದರೆ ಮೇಜಿನ ಮೇಲೆ ಮೂರು ಮದ್ದಿನ ಡಬ್ಬಿಗಳು ಬರಬಹುದು. ನೋಡಲು ಒಂದೇ ರೀತಿ ಇರುವ ಮದ್ದುಗಳು ಉರಿಯುವ ವೇಗ ಬೇರೆ ಬೇರೆ. ರೈಫಲ್‌ಗೆ ಬೇಕಾದ ನಿಧಾನದ ಮದ್ದಿನ ಜಾಗದಲ್ಲಿ ಪಿಸ್ತೂಲಿನ ವೇಗದ ಮದ್ದು ಸೇರಿದರೆ ಒತ್ತಡ ಮಿತಿಮೀರಿ ಕೋವಿಯೇ ಒಡೆಯಬಹುದು. ಆದ್ದರಿಂದ ಕಾಡತೂಸಿನ ಬಗೆಗಳನ್ನು ಕಡಿಮೆ ಮಾಡಿದರೆ ಕೈತಪ್ಪುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಒಂದೇ ಡಬ್ಬಿ ಹೊರಗಿರಬೇಕು, ಉಳಿದ ಮದ್ದು ಅದರದೇ ಡಬ್ಬಿಗೆ ಹೋಗಬೇಕು. ಹೆಸರಿಲ್ಲದ ಡಬ್ಬಿಯ ಮದ್ದನ್ನು ಅಂದಾಜಿನ ಮೇಲೆ ಬಳಸಲೇಬಾರದು.

‘ಸೀಸ ಗುಂಡಿನಲ್ಲಿ ಮಾತ್ರ ಇರುತ್ತದೆ’ ಎಂಬ ನಂಬಿಕೆ

ಇದು ತಪ್ಪು. ಹೆಚ್ಚಿನ ಪ್ರೈಮರ್‌ಗಳಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಅದು ಸಿಡಿದ ಮೇಲೆ ಸೀಸದ ಸಣ್ಣ ಕಣಗಳು ಚಿಪ್ಪಿನೊಳಗೆ ಉಳಿಯುತ್ತವೆ. ಚಿಪ್ಪುಗಳನ್ನು ಯಂತ್ರದಲ್ಲಿ ಒಣಗಿದ ಪುಡಿಯೊಂದಿಗೆ ಉರುಳಿಸಿ ಹೊಳಪು ಬರಿಸುವಾಗ ಆ ಸೀಸ ಧೂಳಾಗಿ ಏಳುತ್ತದೆ. ಕೈ, ಬಟ್ಟೆ, ನೆಲಕ್ಕೆ ಅಂಟುತ್ತದೆ. ಆ ನೆಲದ ಮೇಲೆ ಅಂಬೆಗಾಲಿಡುವ ಮಗುವಿದ್ದರೆ ಅದರ ಬಾಯಿಗೂ ಹೋಗುತ್ತದೆ.

ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಮಕ್ಕಳ ರಕ್ತದಲ್ಲಿ ಗಮನ ಕೊಡಬೇಕಾದ ಸೀಸದ ಮಟ್ಟವನ್ನು ಅಮೆರಿಕದ ಸಿಡಿಸಿ 2021ರಲ್ಲಿ ಡೆಸಿಲೀಟರ್‌ಗೆ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿತು. ಅದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಎಂದು ಇದರ ಅರ್ಥವಲ್ಲ. ಮಕ್ಕಳಿಗೆ ಸುರಕ್ಷಿತ ಎನ್ನಬಹುದಾದ ಸೀಸದ ಮಟ್ಟ ಈವರೆಗೆ ಕಂಡುಬಂದಿಲ್ಲ.

ಕೋವಿಗಳನ್ನು ಮಾರಿದರೂ ಹಾರಿಸುವ ಗುಂಡುಗಳ ಲೆಕ್ಕ ಅಷ್ಟೇ ಇದ್ದರೆ ಈ ಧೂಳು ಕಡಿಮೆಯಾಗುವುದಿಲ್ಲ. ಅದಕ್ಕೆ ಬೇರೆ ದಾರಿಗಳಿವೆ: ಚಿಪ್ಪುಗಳನ್ನು ನೀರಿನಲ್ಲಿ ತೊಳೆಯುವುದು, ಪೊರಕೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸುವುದು, ಆ ಕೋಣೆಯಲ್ಲಿ ತಿನ್ನದಿರುವುದು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆದು ಬಟ್ಟೆ ಬದಲಿಸುವುದು.

‘ಎಣ್ಣೆ ಹಾಕಿದರೆ ಪ್ರೈಮರ್ ಸಾಯುತ್ತದೆ’ ಎಂಬ ನಂಬಿಕೆ

ಇದನ್ನೂ ನೆಚ್ಚುವಂತಿಲ್ಲ. ಎಣ್ಣೆ ಅಥವಾ ನೀರಿನಲ್ಲಿ ನೆನೆದ ಪ್ರೈಮರ್ ಆಮೇಲೂ ಸಿಡಿಯಬಹುದು. ಬೇಡವಾದದ್ದನ್ನು ಕಸದ ಬುಟ್ಟಿಗೆ ಹಾಕದೆ ಸ್ಥಳೀಯ ಪೊಲೀಸ್ ಅಥವಾ ಅಗ್ನಿಶಾಮಕ ಇಲಾಖೆಯನ್ನು ಕೇಳುವುದು ಒಳ್ಳೆಯದು.

ನಮ್ಮಲ್ಲಿ?

ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆಯು ಒಬ್ಬ ಪರವಾನಗಿದಾರ ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಆದರೆ ಮನೆಯಲ್ಲಿರುವುದು ಒಂದೇ ಕೋವಿಯಾದರೂ ಅದರ ನಳಿಗೆ ಒರೆಸಿದ ಕೈಗೆ ಸೀಸ ಅಂಟಿರಬಹುದು. ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯಿರಿ.