ಶಾಸನದ ಓದು, ಎಲ್ಲರ ಸೊತ್ತು

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ಶಿವಾಲಯದ ಹೊರಗೋಡೆಯಲ್ಲಿ, ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳನ್ನು ಕಾಣಬಹುದು. ಕಲ್ಯಾಣದಿಂದ, ಎಂದರೆ ಇಂದಿನ ಬಸವಕಲ್ಯಾಣದಿಂದ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯೇ ಆ ಬರಹ. ಕಲ್ಲು ಎಲ್ಲರ ಓದಿಗೂ ತೆರೆದಿದೆ. ಆದರೆ ಮಳೆಗಾಳಿಗೆ ಸವೆಯುತ್ತದೆ.

ಇಂಥ ಶಾಸನದ ಪಡಿಯಚ್ಚನ್ನು ಸಂಶೋಧಕನು ತನ್ನ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡರೆ, ಅವನ ಓದು ಸರಿಯೋ ತಪ್ಪೋ ಎಂದು ಪರೀಕ್ಷಿಸುವವರಾರು? ಆದುದರಿಂದ ಮೂಲಪಾಠ, ಛಾಯಾಚಿತ್ರ, ಅಳತೆ, ದೊರೆತ ಸ್ಥಳ ಇವೆಲ್ಲವನ್ನೂ ಪ್ರಕಟಿಸಬೇಕು. ಊಹಿಸಿ ಓದಿದ ಅಕ್ಷರಗಳನ್ನು ಊಹೆಯೆಂದೇ ಗುರುತಿಸಬೇಕು. ಕೊಡಗಿನ ಶಾಸನಗಳಿಂದ 1886ರಲ್ಲಿ ಬಿ. ಎಲ್. ರೈಸರು ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಮೂಲಪಾಠಗಳನ್ನು ಎಲ್ಲರ ಮುಂದಿಟ್ಟುದರಿಂದಲೇ ಮುಂದಿನ ವಿದ್ವಾಂಸರಿಗೆ ಅವನ್ನು ತಿದ್ದಲು ಸಾಧ್ಯವಾಯಿತು. ನಿಮ್ಮೂರಿನ ಶಾಸನವನ್ನು ಕಂಡಾಗ ನೀವೂ ಹೀಗೆಯೇ ಬರೆದಿಡಿರಿ, ಇತರರಿಗೂ ತೋರಿಸಿರಿ.