ಕೂಳೆಯಿಂದ ಬಂದ ಬಣ್ಣ: ಇಂಗ್ಲೆಂಡಿನ ಚಳಿಗಾಲದ ತೋಟಗಳ ಪೊದೆಗಳನ್ನು ಕುರಿತು

ಉದ್ಯಾನಗಳ ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮೊಗಲರ ತೋಟಗಳೂ ವರ್ಸೇಲ್ಸ್ ಅರಮನೆಯ ಉದ್ಯಾನವೂ ನಮ್ಮ ಲಾಲ್‌ಬಾಗೂ ನೆನಪಿಗೆ ಬರುತ್ತವೆ. ಇವೆಲ್ಲ ಅರಸರು ಮಾಡಿಸಿದವು. ಇವಕ್ಕೆ ದಾಖಲೆಗಳುಂಟು, ನಕ್ಷೆಗಳುಂಟು. ಆದರೆ ಒಂದು ಗಿಡವನ್ನು ವರ್ಷದ ಯಾವ ಕಾಲದಲ್ಲಿ, ನೆಲದಿಂದ ಎಷ್ಟು ಎತ್ತರಕ್ಕೆ ಕಡಿಯಬೇಕೆಂಬ ತಿಳಿವಳಿಕೆಗೂ ಒಂದು ಇತಿಹಾಸ ಉಂಟಷ್ಟೆ. ಅದನ್ನು ಬರೆದಿಟ್ಟವರು ವಿರಳ. ಇಂಗ್ಲೆಂಡಿನಲ್ಲಿ ಚಳಿಗಾಲದ ಶೋಭೆಗೆಂದೇ ಬೆಳೆಸುವ ಬಣ್ಣದ ಕಾಂಡದ ಪೊದೆಗಳನ್ನು ಪ್ರಕೃತ ಲೇಖನದಲ್ಲಿ ನಾವು ಈ ದೃಷ್ಟಿಯಿಂದ ನೋಡಬಯಸುತ್ತೇವೆ. ಆ ಶೋಭೆಯ ಹಿಂದೆ ಇರುವುದು ಶ್ರೀಮಂತರ ಅಭಿರುಚಿಗಿಂತ ಹೆಚ್ಚಾಗಿ ಬುಟ್ಟಿ ಹೆಣೆಯುವವನ ಕತ್ತಿ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಆ ದೇಶದ ಚಳಿಗಾಲವನ್ನು ಅರಿಯಬೇಕು. ಕೇಂಬ್ರಿಜ್ ನಗರವು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ಭಾಗದಲ್ಲಿ ಅಲ್ಲಿಯ ಹಗಲು ಎಂಟು ಗಂಟೆಗೂ ಕಡಮೆ; ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ಸುಮಾರು 14 ಡಿಗ್ರಿ ಮಾತ್ರ ಮೇಲೇರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಅವನು 53 ಡಿಗ್ರಿಗೂ ಮೇಲಿರುತ್ತಾನೆ. ಮರಗಳಲ್ಲಿ ಎಲೆಯಿಲ್ಲ, ಹೂವಿನ ಪಾತಿಗಳು ಬರಿದು. ಹಾಗೆ ಅಡ್ಡಲಾಗಿ ಬೀಳುವ ತೆಳು ಬಿಸಿಲಿನಲ್ಲಿ ಎದ್ದು ಕಾಣತಕ್ಕದ್ದು ನೆಟ್ಟಗೆ ನಿಂತ ಕಡ್ಡಿಯೊಂದೇ. ಬಣ್ಣದ ಕಾಂಡದ ಪೊದೆಗಳನ್ನು ತೋಟದಲ್ಲಿಡುವ ಯುಕ್ತಿಯೆಲ್ಲ ಇದನ್ನೇ ಅವಲಂಬಿಸಿದೆ: ಇಳಿಬಿಸಿಲು ತಾಗುವ ಕಡೆ, ಕೊಳದ ಅಂಚಿನಲ್ಲಿ, ಹಿನ್ನೆಲೆಗೆ ಕಡುಹಸಿರಿನ ಗಿಡಗಳಿರುವಂತೆ, ಒಂಟಿಯಾಗಿ ಅಲ್ಲದೆ ಗುಂಪಾಗಿ ನೆಡುತ್ತಾರೆ.

ಇವುಗಳಲ್ಲಿ ಪ್ರಧಾನವಾದುದು ಡಾಗ್‌ವುಡ್ ಎಂಬ ಪೊದೆ. ಸಸ್ಯಶಾಸ್ತ್ರಜ್ಞರು ಕಾರ್ನಸ್ ಎನ್ನುವ ಕುಲಕ್ಕೆ ಸೇರಿದ್ದು. ಸೈಬೀರಿಯ, ಉತ್ತರ ಚೀನ, ಕೊರಿಯಗಳ ಕಾರ್ನಸ್ ಆಲ್ಬ ಎಂಬ ಜಾತಿ 1741ರಲ್ಲಿ ಬ್ರಿಟನ್ನಿಗೆ ಬಂತು. ‘ಆಲ್ಬ’ ಎಂದರೆ ಬಿಳಿ. ಹೆಸರು ಬಂದುದು ಹಣ್ಣಿನ ಬಣ್ಣದಿಂದ. ತೋಟಗಾರರು ಅದನ್ನು ಬೆಳೆಸುವುದಾದರೋ ಕೆಂಪು ಕಾಂಡಕ್ಕಾಗಿ! ಇದರಲ್ಲಿ ‘ಸೈಬಿರಿಕ’ ಎಂಬ ತಳಿ ಹವಳದಂತೆ ಕೆಂಪು. ‘ಕೆಸೆಲ್ರಿಂಗೈ’ ಕಪ್ಪಿಗೆ ತಿರುಗಿದ ನೇರಳೆ. ಉತ್ತರ ಅಮೆರಿಕದ ಕಾರ್ನಸ್ ಸೆರಿಸಿಯದ ‘ಫ್ಲಾವಿರಮಿಯ’ ತಳಿಯದು ಹಸಿರು ಬೆರೆತ ಹಳದಿ. ವಿಲೋ ಮರಗಳಲ್ಲಿ ಕ್ರಿಕೆಟ್ ದಾಂಡು ಮಾಡುವ ಜಾತಿಗೇ ಸೇರಿದ ‘ಬ್ರಿಟ್ಸೆನ್ಸಿಸ್’ ಎಂಬ ಕಿತ್ತಳೆ ಕೆಂಪಿನ ತಳಿಯೊಂದಿದೆ. ಬರ್ಲಿನ್ ಬಳಿಯ ಬ್ರಿಟ್ಸ್‌ನಲ್ಲಿದ್ದ ಶ್ಪೇಟ್ ಮನೆತನದ ಸಸ್ಯಪಾಲನಾ ಕ್ಷೇತ್ರದಿಂದ ಅದು 1878ರಲ್ಲಿ ಹೊರಬಂತು.

ಈ ಬಣ್ಣ ಎಲ್ಲಿಂದ ಬರುತ್ತದೆ? ಡಾಗ್‌ವುಡ್ಡಿನ ಎಳೆಯ ತೊಗಟೆಯಲ್ಲಿ ಆಂಥೊಸಯನಿನ್ ಎಂಬ ವರ್ಣದ್ರವ್ಯ ಶರತ್ಕಾಲದ ಚಳಿ ಬಿದ್ದಂತೆ ಹೆಚ್ಚುತ್ತದೆ. ಅದಕ್ಕೆ ಬೆಳಕೂ ಬೇಕು. ಒಂದೇ ಕಡ್ಡಿಯ ಬಿಸಿಲ ಮಗ್ಗುಲು ಕೆಂಪಾಗಿಯೂ ನೆರಳಿನ ಮಗ್ಗುಲು ಹಸಿರಾಗಿಯೂ ಇರುವುದನ್ನು ಕಾಣಬಹುದು. ಆದರೆ ಮುಖ್ಯವಾದ ಸಂಗತಿ ಬೇರೆ. ಕಾಂಡಕ್ಕೆ ಮೂರು ನಾಲ್ಕು ವರ್ಷವಾಗುತ್ತಲೂ ತೊಗಟೆ ಒರಟಾಗಿ, ಬಣ್ಣ ಮಾಸಿ, ಬೂದಿಗೆ ತಿರುಗುತ್ತದೆ. ಎಂದಮೇಲೆ ಕಡಿಯದೆ ಬಿಟ್ಟ ಪೊದೆಯಲ್ಲಿ ತುದಿಯ ಕಡ್ಡಿಗಳು ಮಾತ್ರ ಕೆಂಪು, ಬುಡವೆಲ್ಲ ಕಂದು. ಬಣ್ಣ ಬೇಕಾದವನು ಕಡಿಯಲೇಬೇಕು.

ನಮ್ಮ ರೈತರಿಗೆ ಈ ಕೆಲಸವನ್ನು ವಿವರಿಸಬೇಕಾಗಿಲ್ಲ. ಕಬ್ಬನ್ನು ಕಡಿದ ತರುವಾಯ ಕೂಳೆ ಚಿಗುರುವುದನ್ನೂ, ಮೈಸೂರು ಸೀಮೆಯ ಹಿಪ್ಪುನೇರಳೆಯನ್ನು ಬುಡಕ್ಕೆ ಕತ್ತರಿಸಿದಷ್ಟೂ ಹೊಸ ಕಡ್ಡಿ ಬರುವುದನ್ನೂ ಅವರು ಬಲ್ಲರು. ಡಾಗ್‌ವುಡ್ಡಿನ ಗಿಡ ನೆಟ್ಟು ಒಂದೆರಡು ವರ್ಷ ಬೇರೂರಲು ಬಿಟ್ಟು, ಅನಂತರ ಮಾರ್ಚಿಯಲ್ಲಿ ಚಿಗುರೊಡೆಯುವ ಮೊದಲು ನೆಲದಿಂದ ನಾಲ್ಕೈದು ಬೆರಳು ಬಿಟ್ಟು ಎಲ್ಲ ಕಾಂಡಗಳನ್ನೂ ಕಡಿಯುತ್ತಾರೆ. ಬುಡಕ್ಕೆ ಗೊಬ್ಬರ ಕೊಟ್ಟು ಕೊಳೆತ ಎಲೆಯನ್ನು ಹೊದಿಸುತ್ತಾರೆ. ಗಿಡ ದುರ್ಬಲವಾಗಿದ್ದರೆ ಮೂರರಲ್ಲಿ ಒಂದು ಪಾಲು ಮುದಿಕಾಂಡಗಳನ್ನು ಮಾತ್ರ ತೆಗೆಯುವುದುಂಟು. ‘ಮಿಡ್‌ವಿಂಟರ್ ಫಯರ್’ ಎಂಬ ತಳಿಗೆ ಈ ಮೃದು ಕ್ರಮವೇ ಲೇಸು. ವಿಲೋವನ್ನು ನೆಲಕ್ಕೆ ಸಮವಾಗಿ ಕಡಿಯಬಹುದು, ಮೊಳದೆರಡು ಮೊಳ ಮೋಟನ್ನು ಉಳಿಸಿ ಅದರ ತಲೆಯನ್ನು ಕಡಿಯಲೂಬಹುದು. ಕಡಿದ ಕಡ್ಡಿಯಲ್ಲಿ ಪೆನ್ಸಿಲ್ ದಪ್ಪದ್ದನ್ನು ಗೇಣುದ್ದ ಕತ್ತರಿಸಿ ತೇವವಾದ ಮಣ್ಣಿನಲ್ಲಿ ಊರಿದರೆ ಅದೇ ಹೊಸ ಗಿಡವಾಗುತ್ತದೆ.

ಈ ಕೂಳೆಗಾರಿಕೆ ಎಷ್ಟು ಹಳೆಯದು? ಸಾಮರ್‌ಸೆಟ್ ಪ್ರಾಂತದ ಜೌಗುನೆಲದಲ್ಲಿ 1970ರಲ್ಲಿ ದೊರೆತ ‘ಸ್ವೀಟ್ ಟ್ರ್ಯಾಕ್’ ಎಂಬ ಮರದ ಕಾಲುದಾರಿಯನ್ನು ಮರದ ಬಳೆಗಳ ಎಣಿಕೆಯಿಂದ ಕ್ರಿ. ಪೂ. 3807-3806ಕ್ಕೆ ನಿರ್ಣಯಿಸಿದ್ದಾರೆ, ಅದಕ್ಕೆ ಬಳಸಿದ ಮರದಲ್ಲಿ ಕೂಳೆಯಿಂದ ಬೆಳೆದ ಗಳುಗಳೂ ಇವೆ. ರೋಮಿನ ಕೇಟೋ ಕ್ರಿ. ಪೂ. 160ರ ಸುಮಾರಿನಲ್ಲಿ ಬರೆದ ಕೃಷಿಗ್ರಂಥದಲ್ಲಿ ಜಮೀನುಗಳನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿದ್ದಾನೆ. ದ್ರಾಕ್ಷಿತೋಟಕ್ಕೆ ಮೊದಲ ಸ್ಥಾನ, ನೀರಾವರಿಯ ತೋಟಕ್ಕೆ ಎರಡನೆಯದು, ಮೂರನೆಯದು ವಿಲೋ ತೋಪಿಗೆ! ಧಾನ್ಯದ ಹೊಲ ಆರನೆಯದು, ಕೂಳೆಯ ಕಾಡು ಏಳನೆಯದು. ಬಳ್ಳಿ ಕಟ್ಟಲು, ಬುಟ್ಟಿ ಹೆಣೆಯಲು ವಿಲೋ ಕಡ್ಡಿಯಿಲ್ಲದೆ ದ್ರಾಕ್ಷಿಯ ಬೇಸಾಯವೇ ಇಲ್ಲ. ಆದುದರಿಂದ ಈ ಕ್ರಮ ನಮಗೆ ವಿಚಿತ್ರವೆನಿಸಿದರೂ ಲೆಕ್ಕಾಚಾರದ್ದೇ.

ಇಂಗ್ಲೆಂಡಿನಲ್ಲಿಯೂ ಶತಮಾನಗಳ ಕಾಲ ಬುಟ್ಟಿ, ಬೇಲಿಯ ತಡಿಕೆ, ಸೌದೆ, ಇದ್ದಲು ಕೂಳೆಯಿಂದಲೇ ಬಂದವು. ಕಲ್ಲಿದ್ದಲೂ ರೈಲೂ ಬಂದ ಮೇಲೆ ಕೂಳೆಯ ಕಾಡಿಗೆ ಬೆಲೆ ಇಳಿಯಿತು. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್‌ಗಳು ಬುಟ್ಟಿಯ ಕಸಬನ್ನು ಕುಗ್ಗಿಸಿದವು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನದಲ್ಲಿ ಚಳಿಗಾಲಕ್ಕೆಂದೇ ಮೊದಲ ತೋಟ ಏರ್ಪಟ್ಟುದು 1951ರಲ್ಲಿ, ಈಗಿರುವುದು 1978-79ರದು. ಕಸಬು ಕುಗ್ಗುತ್ತ ಬಂದ ಕಾಲದಲ್ಲಿಯೇ ಅದೇ ಕಡಿತ ಅಲಂಕಾರಕ್ಕೆ ಹೀಗೆ ಸ್ಥಿರವಾದ ನೆಲೆ ಪಡೆಯಿತು. ಬದಲಾದುದು ಬಹಳ ಅಲ್ಪ. ಬುಟ್ಟಿಯವನು ಎಲೆ ಉದುರಿದೊಡನೆ ಕಡ್ಡಿಗಳನ್ನು ಕೊಯ್ದು ಒಯ್ಯುತ್ತಿದ್ದ. ತೋಟಗಾರನು ಅವನ್ನು ಚಳಿಗಾಲವೆಲ್ಲ ನಿಲ್ಲಿಸಿ ನೋಡಿ, ವಸಂತದ ಹೊಸ್ತಿಲಲ್ಲಿ ಕಡಿಯುತ್ತಾನೆ. ಕೊಯ್ಲನ್ನು ಕೆಲವು ವಾರ ಮುಂದೂಡಿದುದು, ಬೆಳೆಯನ್ನು ಬೆಳೆಯೆಂದು ಎಣಿಸದೆ ಹೋದುದು, ಇವೆರಡೇ ಹೊಸತು.

ಕತ್ತಿ ತಾಗಿದ ಗಿಡ ಹಾಳಾದ ಗಿಡವೆಂಬ ಭಾವನೆ ಓದುಬರಹ ಬಲ್ಲವರಲ್ಲಿ ಹೆಚ್ಚು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳ ವಿಷಯದಲ್ಲಿ ಬ್ರಿಟಿಷ್ ಕಾಲದ ಅರಣ್ಯಾಧಿಕಾರಿಗಳಿಗೂ ಅಡಕೆ ತೋಟಿಗರಿಗೂ ನಡೆದ ದೀರ್ಘ ವಿವಾದವನ್ನು ಓದುವಾಗ ನಮಗೆ ಈ ಮಾತು ನೆನಪಾಗುತ್ತದೆ. ಮಿತಿಮೀರಿ ಸವರಿದ ಬೆಟ್ಟಗಳೂ ಇದ್ದವು, ಅಲ್ಲವೆನ್ನುವುದಿಲ್ಲ. ಆದರೆ ಸವರುವುದೆಲ್ಲ ನಾಶವೆಂದು ಬಗೆದರೆ ಆ ಕಡತಗಳನ್ನು ಸರಿಯಾಗಿ ಓದಲಾಗದು.

ಡಾಗ್‌ವುಡ್ಡನ್ನು ಬೆಂಗಳೂರಿನಲ್ಲಿ ನೆಟ್ಟು ಈ ಫಲವನ್ನು ಪಡೆಯಲಾಗದು. ಆ ಚಳಿಯೂ ಇಲ್ಲ, ಆ ಓರೆಬಿಸಿಲೂ ಇಲ್ಲ. ನಮ್ಮ ನಾಡಿನ ಇತಿಹಾಸವನ್ನು ಓದುವವರಿಗೆ ಪರಿಚಿತನಾದ ಒಬ್ಬನ ಹೆಸರು ಮಾತ್ರ ಆ ತೋಟಗಳಿಗೆ ಸೇರಿದೆ. ಟಿಪ್ಪುವಿನ ಪತನದ ತರುವಾಯ 1800-1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, ಬೆಳೆ, ಮಗ್ಗ, ಮಣ್ಣುಗಳನ್ನು ದಿನದಿನವೂ ಬರೆದಿಟ್ಟು, ಸೋದೆ, ಶಿರಸಿಗಳ ಅಡಕೆ ತೋಟಗಳನ್ನೂ ಕಂಡ ಫ್ರಾನ್ಸಿಸ್ ಬುಕಾನನ್ 1802ರಲ್ಲಿ ನೇಪಾಳಕ್ಕೆ ಹೋದನು. ಹಿಮಾಲಯದ ಒಂದು ಮುಳ್ಳುಪೊದೆಗೆ ರೂಬಸ್ ಬೈಫ್ಲೋರಸ್ ಎಂಬ ಹೆಸರು ಆತನಿಂದ ಬಂದು, ಜೇಮ್ಸ್ ಎಡ್ವರ್ಡ್ ಸ್ಮಿತ್‌ನ ಮೂಲಕ ಪ್ರಕಟವಾಯಿತು. ಅದರ ಎಳೆಯ ಕಾಂಡಗಳ ಮೇಲೆ ಸುಣ್ಣ ಬಳಿದಂತಹ ಬಿಳಿಯ ಮೇಣದ ಲೇಪವಿರುತ್ತದೆ. ಇಂಗ್ಲೆಂಡಿನ ತೋಟಗಾರರು ಅದನ್ನು ಕೆಂಪು ಡಾಗ್‌ವುಡ್ಡಿನ ಬದಿಗೆ ನೆಟ್ಟು, ಹಣ್ಣು ಬಿಟ್ಟ ಹಳೆಯ ಕಾಂಡಗಳನ್ನು ಬುಡಕ್ಕೆ ಕಡಿಯುತ್ತಾರೆ.