ಪ್ರೇರಣ ಮೋಟಾರಿನ ವೇಗಾನುಮಾನ

ಪರ್ವತದ ಮೇಲಣ ಹೊಗೆಯನ್ನು ಕಂಡು, ಕಾಣದಿರುವ ಬೆಂಕಿಯನ್ನು ನಿಶ್ಚಯಿಸುವುದು ನೈಯಾಯಿಕರ ಪ್ರಸಿದ್ಧವಾದ ಅನುಮಾನವು. ಪ್ರೇರಣ ಮೋಟಾರಿನ ಅಕ್ಷಕ್ಕೆ ವೇಗಮಾಪಕವನ್ನು ಜೋಡಿಸದೆ, ಅದರ ತಂತಿಗಳಲ್ಲಿಯ ವಿದ್ಯುತ್ತನ್ನು ಮಾತ್ರ ಅಳೆದು ವೇಗವನ್ನು ನಿರ್ಣಯಿಸುವ ವಿಧಾನವೂ ಈ ಪ್ರಮಾಣದ ಒಂದು ಪ್ರಯೋಗವೇ ಆಗಿದೆ. ಅದರ ಬಲವೆಷ್ಟು, ಮಿತಿಯೆಲ್ಲಿ ಎಂಬುದು ವಿಚಾರಾರ್ಹವಾದುದು.

ಈ ಮೋಟಾರಿನ ಸ್ಥಿರಾಂಗವಾದ ಸ್ಟೇಟರಿನ ಸುರುಳಿಗಳಲ್ಲಿ ಮೂರು ಫೇಸಿನ ವಿದ್ಯುತ್ತು ಹರಿದಾಗ, ಸುತ್ತುವ ಕಾಂತಕ್ಷೇತ್ರವೊಂದು ಹುಟ್ಟುತ್ತದೆ. ಒಳಗಣ ರೋಟರು ಅದನ್ನು ಹಿಂಬಾಲಿಸುತ್ತದೆ. ಆದರೆ ಹೊರೆಯನ್ನೆಳೆಯುವಾಗ ಅದನ್ನು ಎಂದಿಗೂ ಸರಿಗಟ್ಟಲಾರದು. ಸರಿಗಟ್ಟಿದರೆ ರೋಟರಿನಲ್ಲಿ ಪ್ರೇರಣೆಯೇ ನಿಂತು, ತಿರುಗಿಸುವ ಬಲವು ಲೋಪವಾಗುವುದು. ಸೆಕೆಂಡಿಗೆ ೫೦ ಆವರ್ತಗಳ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರವು ನಿಮಿಷಕ್ಕೆ ೧೫೦೦ ಸುತ್ತು ತಿರುಗುವುದು. ಹೊರೆ ಹೊತ್ತ ರೋಟರು ೧೪೪೦ ಸುತ್ತು ತಿರುಗಿದರೆ, ಉಳಿದ ೬೦ ಸುತ್ತುಗಳ ಹಿನ್ನಡೆಗೆ ‘ಸ್ಲಿಪ್’ ಎಂದು ಹೆಸರು. ಹೊರೆಯೊಡನೆ ಇದೂ ಹೆಚ್ಚುಕಡಿಮೆಯಾಗುವುದರಿಂದ, ಆವರ್ತಸಂಖ್ಯೆಯೊಂದನ್ನೇ ತಿಳಿದು ವೇಗವನ್ನು ನಿಖರವಾಗಿ ಹೇಳಲಾಗದು.

ವೇಗಮಾಪಕವನ್ನು ಕಟ್ಟಿದರೆ ವೇಗವು ಪ್ರತ್ಯಕ್ಷವೇ ಆಗುವುದಲ್ಲವೆ ಎಂದರೆ, ನಿಜ. ಆದರೆ ಅದಕ್ಕೆ ಬೆಲೆಯುಂಟು, ಬೇರೆ ತಂತಿಗಳು ಬೇಕು. ಧೂಳು, ತೇವ, ಕಾವು, ಅಲುಗಾಟಗಳನ್ನು ಮೋಟಾರು ತಾಳುವಷ್ಟು ಅದು ತಾಳಲಾರದು. ಕೊಳವೆಬಾವಿಯಾಳದಲ್ಲಿ ಮುಳುಗಿರುವ ಪಂಪಿಗಂತೂ ಅದನ್ನು ಕಟ್ಟುವುದೇ ಕಷ್ಟ.

ಅನುಮಾನದ ಕ್ರಮವಿದು. ಸ್ಟೇಟರಿಗೆ ಕೊಟ್ಟ ವೋಲ್ಟೇಜಿನಿಂದ ಸುರುಳಿಯ ರೋಧದಲ್ಲಿ ವ್ಯಯವಾದ ಭಾಗವನ್ನು ಕಳೆದು, ಉಳಿದುದನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗಿ, ಸೋರಿಕೆಯ ಅಂಶವನ್ನು ತೆಗೆದರೆ ರೋಟರಿನ ಕಾಂತಪ್ರವಾಹವು ತಿಳಿಯುತ್ತದೆ. ಈ ಗಣಿತದಲ್ಲಿ ವೇಗದ ಪ್ರಸಕ್ತಿಯಿಲ್ಲ. ಅದೇ ಕಾಂತಪ್ರವಾಹವನ್ನು ರೋಟರಿನ ಸಮೀಕರಣದಿಂದಲೂ ಗಣಿಸಬಹುದು. ಅದರಲ್ಲಿ ವೇಗವು ಸೇರಿದೆ. ಊಹಿತವಾದ ವೇಗವೊಂದನ್ನಿಟ್ಟು ಎರಡನ್ನೂ ಗಣಿಸಿ, ಫಲಗಳು ಏಕವಾಗುವವರೆಗೆ ಊಹೆಯನ್ನು ತಿದ್ದುತ್ತ ಹೋದರೆ ನಿಜವಾದ ವೇಗವು ಸಿದ್ಧಿಸುವುದು. ಶೌಡರ್ ಎಂಬ ವಿದ್ವಾಂಸನು ೧೯೯೨ರಲ್ಲಿ ಈ ಮಾರ್ಗವನ್ನು ನಿರೂಪಿಸಿದನು.

ಆದರೆ ಇಲ್ಲಿಯೂ ಒಂದು ಉಪಾಧಿಯುಂಟು. ವೇಗವು ಕುಗ್ಗಿದಂತೆ ಪ್ರೇರಿತವಾದ ವೋಲ್ಟೇಜೂ ಕುಗ್ಗಿ, ರೋಧದ ಭಾಗವೇ ಪ್ರಧಾನವಾಗುತ್ತದೆ. ತಾಮ್ರದ ರೋಧವಾದರೋ ಡಿಗ್ರಿಯೊಂದಕ್ಕೆ ಸುಮಾರು ಶೇಕಡ ೦.೪ರಂತೆ ಏರುವುದು, ಕಾವು ೫೦ ಡಿಗ್ರಿ ಹೆಚ್ಚಿದರೆ ರೋಧವು ಐದರಲ್ಲಿ ಒಂದು ಪಾಲು ಹೆಚ್ಚಿತು. ಈ ಅಲ್ಪದೋಷವು ಕೂಡಿಕೆಯಲ್ಲಿ ಬೆಳೆದು ನಿರ್ಣಯವನ್ನು ಕೆಡಿಸುತ್ತದೆ. ಸ್ಟೇಟರಿನ ಆವರ್ತಸಂಖ್ಯೆಯು ಶೂನ್ಯದಲ್ಲಿಯೇ ನಿಂತರೆ, ರೋಟರಿನ ವೇಗದ ಗುರುತೇ ಅಲ್ಲಿ ಕಾಣದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲದಂತೆ, ಸಾಧ್ಯವಿದ್ದರೂ ಹೇತುವಿಲ್ಲ. ಅಧಿಕ ಆವರ್ತಸಂಖ್ಯೆಯ ಸಣ್ಣ ವೋಲ್ಟೇಜನ್ನು ಬೆರೆಸಿ, ರೋಟರಿನ ರಚನಾವೈಷಮ್ಯದ ಗುರುತನ್ನು ಹುಡುಕುವ ಉಪಾಯವುಂಟು. ಅದು ಆಯಾ ರೋಟರಿನ ರಚನೆಯನ್ನೇ ಅವಲಂಬಿಸಿದೆ.

ಆದುದರಿಂದ ಪಂಪು, ಬೀಸಣಿಗೆಗಳಿಗೆ ಅನುಮಾನವೇ ಸಾಕು. ಭಾರವನ್ನು ನಡುಗಾಳಿಯಲ್ಲಿ ನಿಲ್ಲಿಸಿ ಹಿಡಿಯಬೇಕಾದ ಕ್ರೇನಿನಲ್ಲಾದರೋ ತಪ್ಪುನಿರ್ಣಯವು ಪ್ರಾಣಹಾನಿಗೆ ಕಾರಣವಾಗಬಹುದು. ಅಲ್ಲಿ ವೇಗಮಾಪಕದ ಪ್ರತ್ಯಕ್ಷವನ್ನು ಬಿಡುವುದು ಯುಕ್ತವಲ್ಲ. ಹೇತುವು ದೃಢವಾಗಿರುವೆಡೆ ಮಾತ್ರ ಅನುಮಾನವು ಪ್ರಮಾಣವೆಂಬ ಹಳೆಯ ನಿಯಮವು ಈ ಹೊಸ ಯಂತ್ರಕ್ಕೂ ಸಲ್ಲುತ್ತದೆ.